ಗ್ಯಾರೇಜ್ ಗೊತ್ತು, ಗಾಳಿಚೀಲ ಗೊತ್ತಿಲ್ಲ

ಈಗಷ್ಟೇ ಇನ್ನೊಂದು ಪೋಸ್ಟರ್ ಕಣ್ಣಿಗೆ ಬಿತ್ತು. 'ಮಹಿಳಾ ಉದ್ಯಮಿಗಳಿಗೆ ನಮನ'. ಸಾಲಾಗಿ ಮುಖಗಳು, ಎಲ್ಲರ ಕೆಳಗೂ ಅದೇ ಮಾತು: ಕಷ್ಟ ಮೆಟ್ಟಿ ನಿಂತ ದಿಟ್ಟೆ. ಏನು ತಯಾರಿಸಿದರು, ಯಾರಿಗೆ ಮಾರಿದರು? ಒಂದಕ್ಷರ ಇಲ್ಲ. ನನ್ನ ತಕರಾರು ಇಷ್ಟೇ: ಹೊಗಳುವ ಮೊದಲು ಅವರ ಕೆಲಸ ಏನೆಂದು ಹೇಳಿ.

ಕಿರಣ್ ಮಜುಂದಾರ್ ಷಾ 1978ರಲ್ಲಿ ಗ್ಯಾರೇಜಿನಲ್ಲಿ ಬಯೋಕಾನ್ ಕಂಪನಿ ಶುರು ಮಾಡಿದ್ದು ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿ ತಯಾರಾಗುತ್ತಿದ್ದದ್ದೇನು? ಪರಂಗಿಕಾಯಿಯ ಹಾಲಿನಿಂದ ಪಪೈನ್, ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸುವಂಥವು. ಐಸಿಂಗ್ಲಾಸ್ ಯೀಸ್ಟ್ ಕಣಗಳನ್ನು ಹಿಡಿದು ತಳಕ್ಕಿಳಿಸುತ್ತದೆ. ಪಪೈನ್ ಪ್ರೋಟೀನನ್ನು ತುಂಡರಿಸುತ್ತದೆ, ಹಾಗಾಗಿ ತಣ್ಣಗಾದಾಗ ಬಿಯರ್ ಮಬ್ಬಾಗುವುದಿಲ್ಲ. ಅವರು ಓದಿದ್ದೇ ಬ್ರೂಯಿಂಗ್, ಅಂದರೆ ಬಿಯರ್ ತಯಾರಿಕೆ. ಗಿರಾಕಿಯ ತಲೆನೋವು ಯಾವುದೆಂದು ಗೊತ್ತಿತ್ತು. ದಿಟ್ಟತನವಂತೆ!

ಫ್ರಾನ್ಸಿನಲ್ಲಿ ಶಾಂಪೇನ್ ಎಂಬ ನೊರೆಯುಕ್ಕುವ ವೈನ್ ತಯಾರಿಸುತ್ತಿದ್ದ ಬಾರ್ಬ್ ನಿಕೋಲ್ ಕ್ಲಿಕೊ ಕತೆಯೂ ಇದೇ. 1805ರಲ್ಲಿ, ಆಕೆಗೆ 27 ವಯಸ್ಸಾಗಿದ್ದಾಗ ಗಂಡ ತೀರಿಹೋದದ್ದನ್ನು ಎಲ್ಲರೂ ಕಣ್ಣೀರಿಟ್ಟು ಬರೆಯುತ್ತಾರೆ, ಆಕೆ ಬಿಡಿಸಿದ ಸಮಸ್ಯೆಯನ್ನಲ್ಲ. ಶಾಂಪೇನ್ ಬಾಟಲಿಯೊಳಗೆ ಎರಡನೇ ಸಲ ಹುದುಗಿದ ಮೇಲೆ ಸತ್ತ ಯೀಸ್ಟ್ ಗಸಿಯಾಗಿ ಉಳಿಯುತ್ತದೆ. ಬೇರೆ ಬಾಟಲಿಗೆ ಬಗ್ಗಿಸಿದರೆ ಗ್ಯಾಸ್ ಹೋಗುತ್ತದೆ. ಆಕೆ ಮಾಡಿಸಿದ್ದು ಮೇಜಿಗೆ ತೂತು ಕೊರೆಸಿ, ಬಾಟಲಿಯ ಕುತ್ತಿಗೆ ಕೆಳಗಾಗಿ ಓರೆಯಾಗಿ ನಿಲ್ಲಿಸುವ ವ್ಯವಸ್ಥೆ. ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಕ್ರಮೇಣ ಇನ್ನಷ್ಟು ನೆಟ್ಟಗೆ ತಲೆಕೆಳಗು ಮಾಡುತ್ತಾ ಹೋದರೆ, ಕೆಲವು ವಾರಗಳಲ್ಲಿ ಗಸಿಯೆಲ್ಲ ಬಿರಡೆಯ ಮೇಲೆ ಕೂರುತ್ತದೆ. ಬಿರಡೆ ತೆಗೆದೊಡನೆ ಒತ್ತಡಕ್ಕೆ ಗಸಿ ಹೊರಗೆ ಚಿಮ್ಮುತ್ತದೆ. ಕಡಿಮೆಯಾದಷ್ಟು ತುಂಬಿ ಮತ್ತೆ ಬಿರಡೆ ಜಡಿಯುವುದು. ಒರಟಾಗಿ ತಿರುಗಿಸಿದರೆ ಸಣ್ಣ ಗಸಿ ಮತ್ತೆ ತೇಲುತ್ತದೆ, ಅಷ್ಟೂ ದಿನದ ಕೆಲಸ ನೀರುಪಾಲು.

ಜರ್ಮನಿಯ ಮೆಲಿಟ್ಟಾ ಬೆಂಟ್ಸ್, 1908, ಇನ್ನೂ ಚಾಲಾಕು. ಹಿತ್ತಾಳೆ ಪಾತ್ರೆಯ ತಳಕ್ಕೆ ತೂತು ಹೊಡೆದು ಮಗನ ನೋಟ್‌ಬುಕ್ಕಿನ ಒತ್ತುಕಾಗದ (ಶಾಯಿ ಹೀರುವ ಬ್ಲಾಟಿಂಗ್ ಪೇಪರ್) ಹಾಸಿದರು, ಕಾಫಿ ಚರಟವಿಲ್ಲದೆ ಇಳಿಯಿತು. 'ಗೃಹಿಣಿಯ ಸಾಧನೆ' ಅಂತ ಬರೆದು ಕೈತೊಳೆದುಕೊಳ್ಳುವವರೇ, ಪಾತ್ರೆಯನ್ನು ಒಮ್ಮೆ ಮಾರಿದರೆ ಮುಗೀತು, ಕಾಗದ ದಿನಾ ಬೇಕು! ವ್ಯಾಪಾರ ಇರುವುದೇ ಅಲ್ಲಿ.

'ಸ್ಫೂರ್ತಿ ಬೇಡವಾ?' ಅಂತ ಕೇಳೋರಿದ್ದಾರೆ. ಬೇಕು, ಒಂದು ವಾರಕ್ಕೆ ಸಾಕಾಗುವಷ್ಟು. ಆಮೇಲೆ ಸಾಲ ಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೆಣ್ಣು ವ್ಯಾಪಾರದ ಸಾಲಕ್ಕೆ ಮನೆಯ ಗಂಡಸಿನ ಸಹಿ ತರಬೇಕೆಂಬ ನಿಯಮ ಹೋದದ್ದು 1988ರ ಕಾಯ್ದೆಯಿಂದ. ನೀವು 'ಕಷ್ಟ' ಅನ್ನುವುದರ ಹೆಸರು ವಿಳಾಸ ಇದು, ಅದನ್ನು ಬರೆಯಿರಿ.

ಸಾಲ ಸಿಕ್ಕಿತು ಅಂದುಕೊಳ್ಳಿ. ಕಚ್ಚಾ ಮಾಲಿಗೆ ಇವತ್ತೇ ನಗದು, ಖರೀದಿದಾರ ದುಡ್ಡು ಕೊಡುವುದು 60 ದಿನಕ್ಕೆ. ಅಂದರೆ ಎರಡು ತಿಂಗಳ ಖರ್ಚು ಕೈಯಲ್ಲಿರಬೇಕು. ಆರ್ಡರ್ ದುಪ್ಪಟ್ಟಾದರೆ ಆ ಮೊತ್ತವೂ ದುಪ್ಪಟ್ಟು. ಲೆಕ್ಕದಲ್ಲಿ ಲಾಭ ಇದ್ದೂ ಬಾಗಿಲು ಮುಚ್ಚುವುದು ಹೀಗೇ. ದೊಡ್ಡ ಆರ್ಡರ್ ಬಂತೆಂದು ಸಿಹಿ ಹಂಚುವ ಮೊದಲು ಮುಂಗಡ ಕೇಳಬೇಕು. ಕೊಡದಿದ್ದರೆ ಕೈಯಲ್ಲಿರುವ ದುಡ್ಡಿಗೆ ನಿಭಾಯಿಸುವಷ್ಟನ್ನೇ ಒಪ್ಪಿಕೊಳ್ಳಬೇಕು.