ಹೊಸ ರೇಜರ್ ಕೊಳ್ಳುವ ಮೊದಲು ಕೋಲಾರದ ನೀರನ್ನು ನೋಡಿ

ಜರ್ಮನಿಯಿಂದ ರಜೆಗೆ ಕೋಲಾರಕ್ಕೆ ಬರುವ ನಮ್ಮಂಥವರ ಪೆಟ್ಟಿಗೆಯಲ್ಲಿ ಈಗ ಚಾಕೊಲೇಟಿನ ಜೊತೆಗೆ, ಒಂದೇ ಬ್ಲೇಡಿನ ಎರಡೂ ಅಂಚು ಬಳಸುವ ಡಬಲ್ ಎಡ್ಜ್ ರೇಜರೂ ಇರುತ್ತದೆ. ತಮ್ಮನಿಗೊಂದು, ಭಾವನಿಗೊಂದು. ಸ್ವಲ್ಪ ದಿನದಲ್ಲೇ ಅದು ಕನ್ನಡಿಯ ಹಿಂದೆ ಸೇರಿಕೊಳ್ಳುತ್ತದೆ. ಕತ್ತಿನ ಹತ್ತಿರ ಉರಿ, ಕೆಂಪು ಗುಳ್ಳೆ, ‘ಇದು ನಮ್ಮ ಗಡ್ಡಕ್ಕೆ ಆಗಲ್ಲ’ ಎಂಬ ತೀರ್ಮಾನ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ನೀರಿಗೆ, ಅಲ್ಲಿನ ದಿನಚರಿಗೆ ಹೊಂದಿದ್ದ ರೇಜರನ್ನು ಏನೂ ಬದಲಿಸದೆ ಇಲ್ಲಿ ಬಳಸಿದರೆ ಉರಿಯದೆ ಇನ್ನೇನಾಗುತ್ತದೆ?

ಮೊದಲು ನೀರು. ಜರ್ಮನಿಯಲ್ಲಿ ನಲ್ಲಿ ನೀರು ಒದಗಿಸುವವರು ಅದರ ಗಡಸುತನ ಯಾವ ದರ್ಜೆಯದು ಎಂದು ಗ್ರಾಹಕರಿಗೆ ತಿಳಿಸಲೇಬೇಕು. ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 250 ಮಿಲಿಗ್ರಾಂ ದಾಟಿದರೆ ಅದು ಗಡಸು ನೀರು. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಮಿತಿ 200; ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಹೇಗಿದೆ ಎಂಬುದನ್ನು ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ಹೇಳುತ್ತದೆ. ಶೇವಿಂಗ್ ಸೋಪು, ಕ್ರೀಮುಗಳಲ್ಲಿ ಮುಖ್ಯವಾಗಿ ಇರುವುದು ಸ್ಟಿಯರಿಕ್ ಆಮ್ಲದ ಪೊಟ್ಯಾಸಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರೊಂದಿಗೆ ಸೇರಿ ಕರಗದ ಜಿಡ್ಡಾಗುತ್ತವೆ. ನೊರೆ ಎದ್ದಂತೆ ಕಾಣುತ್ತದೆ, ಆದರೆ ಗುಳ್ಳೆ ದೊಡ್ಡವು, ಕೆನ್ನೆಯ ಮೇಲೆ ನೋಡನೋಡುತ್ತಲೇ ಒಣಗುತ್ತದೆ. ಜಾರುವ ಪಟ್ಟಿ ಅಂಟಿಸಿದ, ಹಲವು ಬ್ಲೇಡಿನ ಕಾರ್ಟ್ರಿಜ್ ರೇಜರಿನಲ್ಲಿ ಈ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂಟಿ ಬ್ಲೇಡಿಗೆ ನೊರೆಯೊಂದೇ ಆಸರೆ.

ಅನುಮಾನವಿದ್ದರೆ ಎರಡು ಬಾಟಲಿಗಳಲ್ಲಿ ತಲಾ 100 ಮಿಲಿಲೀಟರ್ ಬೋರ್ ನೀರು, ಆರ್‌ಒ ನೀರು ತೆಗೆದುಕೊಂಡು, ಒಂದೇ ಅಳತೆಯ ಸೋಪಿನ ಚೂರು ಹಾಕಿ ಅಲುಗಿಸಿ. ಆರ್‌ಒ ನೀರಿನಲ್ಲಿ ನೊರೆ ನಿಲ್ಲುತ್ತದೆ, ಬೋರ್ ನೀರು ಕದಡಿ ಸುಮ್ಮನಾಗುತ್ತದೆ. ಪರಿಹಾರವೂ ದುಬಾರಿಯಲ್ಲ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ಅರ್ಧ ಲೀಟರ್ ನೀರು ಬ್ರಷ್ಷು ನೆನೆಸಲು, ನೊರೆ ಕಟ್ಟಲು, ರೇಜರ್ ಅದ್ದಲು ಧಾರಾಳ. ಮುಖ ತೊಳೆಯಲು ಬೋರ್ ನೀರೇ ಇರಲಿ. ಆ ಕ್ಯಾನೂ ಇಲ್ಲವೆಂದರೆ ಬೋರ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಬೈಕಾರ್ಬನೇಟಿನಿಂದ ಬಂದ ಗಡಸುತನದಲ್ಲಿ ಒಂದಷ್ಟು ತಳಕ್ಕೆ ಇಳಿದಿರುತ್ತದೆ. ಕ್ರೀಮು ಕಡಲೆಕಾಯಿ ಬೀಜದಷ್ಟು ಸಾಕು. ಗಡಸು ನೀರಾದರೆ ಅದರ ಎರಡರಷ್ಟು ಬೇಕು.

ಇನ್ನು ದಿನಚರಿ. ಅಲ್ಲಿ ಕಚೇರಿಗೆ ಹೋಗುವವರು ಹೆಚ್ಚಾಗಿ ದಿನವೂ, ಇಲ್ಲವೇ ದಿನ ಬಿಟ್ಟು ದಿನ ಹೆರೆದುಕೊಳ್ಳುತ್ತಾರೆ. ಮ್ಯೂಲೆ ಆರ್89, ಮರ್ಕೂರ್ 34ಸಿಯಂಥ ಪಟ್ಟಿ ಗಾರ್ಡಿನ (ಬ್ಲೇಡಿನ ಕೆಳಗೆ ಚರ್ಮಕ್ಕೆ ತಾಗುವ ಭಾಗ ಹಲ್ಲಿಲ್ಲದೆ ನೇರವಾಗಿರುವ) ಮೆದು ರೇಜರ್‌ಗಳು ಅಂಥ ಗಿಡ್ಡ ಕೂದಲಿಗೆ ಹೇಳಿ ಮಾಡಿಸಿದವು. ನಮ್ಮಲ್ಲಿ ಮಂಗಳವಾರ ಬೇಡ, ಶುಕ್ರವಾರ ಬೇಡ, ಶನಿವಾರ ಬೇಡ, ಅಮಾವಾಸ್ಯೆಯಂದು ಕೇಳಲೇಬೇಡಿ. ಈ ಪದ್ಧತಿಯನ್ನು ನಾನು ಹಳಿಯುವುದಿಲ್ಲ, ಚರ್ಮಕ್ಕೆ ಬಿಡುವು ಸಿಗುವುದು ಒಳ್ಳೆಯದೇ. ಆದರೆ ಮೂರು ದಿನದ ಗಡ್ಡದ ಮೇಲೆ ಪಟ್ಟಿ ಗಾರ್ಡು ನೊರೆಯನ್ನು ಮುಂದಕ್ಕೆ ತಳ್ಳಿಬಿಡುತ್ತದೆ, ಬ್ಲೇಡಿನಡಿ ಕೂದಲು ಕಟ್ಟಿಕೊಳ್ಳುತ್ತದೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಉರಿ ಹುಟ್ಟುವುದೇ ಹೀಗೆ. ಹಲ್ಲಿನ ಗಾರ್ಡಿನ ಓಪನ್ ಕೋಂಬ್ ರೇಜರ್ ಇಲ್ಲಿ ಸಲೀಸು. ಹಲ್ಲು ಕಂಡು ಹೆದರುವವರಿದ್ದಾರೆ. ರೇಜರಿನ ಉಗ್ರತೆ ತೀರ್ಮಾನವಾಗುವುದು ಹಲ್ಲಿನಿಂದಲ್ಲ, ಬ್ಲೇಡಿನ ಅಂಚು ಎಷ್ಟು ಹೊರಗೆ ಚಾಚಿದೆ, ಗಾರ್ಡಿಗೂ ಅದಕ್ಕೂ ನಡುವೆ ಎಷ್ಟು ಸಂದು ಇದೆ ಎಂಬುದರಿಂದ. ಮ್ಯೂಲೆ ಆರ್41ರಲ್ಲಿ ಇವೆರಡೂ ಹೆಚ್ಚು, ಹೊಸಬರು ಅದನ್ನು ಮುಟ್ಟದಿರುವುದೇ ಲೇಸು.

ಒಂದೇ ರೇಜರ್ ಸಾಕು ಎನ್ನುವವರು ಸಂದು ಹಿಗ್ಗಿಸಿ ಕುಗ್ಗಿಸಬಹುದಾದದ್ದನ್ನು ಕೊಳ್ಳಲಿ. ನಮ್ಮ ದೇಶದ ಪಾರ್ಕರ್ ವೇರಿಯಂಟ್, ಜರ್ಮನಿಯ ಮರ್ಕೂರ್ ಫುಟೂರ್ ಈ ಬಗೆಯವು. ರೇಜರಿನ ಮೇಲಿನ ಅಂಕಿಯನ್ನು ಕೆನ್ನೆಗೆ 3, ಕುತ್ತಿಗೆಗೆ 1 ಎಂದು ತಿರುಗಿಸಿಕೊಂಡರಾಯಿತು. ಸ್ಲಾಂಟ್ ರೇಜರ್ ಆಮೇಲಿನ ಮಾತು. ಅದು ಬ್ಲೇಡನ್ನು ತಿರುಚಿ ಹಿಡಿಯುವುದರಿಂದ ಅಂಚು ಕೂದಲನ್ನು ಓರೆಯಾಗಿ ಕೊಯ್ಯುತ್ತದೆ. ಒರಟು ಗಡ್ಡಕ್ಕೆ ಸುಖ, ಒತ್ತುವ ಕೈಗೆ ಅಪಾಯ.

ಚಾಕು, ಕತ್ತರಿ, ರೇಜರ್‌ಗಳಿಗೆ ಹೆಸರಾದ ಜರ್ಮನಿಯ ಊರು ‘ಸೋಲಿಂಗನ್’ನ ಮುದ್ರೆಗೆ 1938ರಿಂದ ಕಾನೂನಿನ ರಕ್ಷಣೆ ಇದೆ, ಆ ಊರಿನ ಕೆಲಸದ ಮೇಲೆ ನನಗೂ ಗೌರವವಿದೆ. ಆದರೂ ಗಡ್ಡ ಕತ್ತರಿಸುವುದು ಬ್ಲೇಡು. ರೇಜರ್ ಬದಲಿಸಿದಾಗ ಬ್ಲೇಡು, ಕ್ರೀಮು ಬದಲಿಸಬೇಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಉರಿ ಯಾವುದರಿಂದ ಎಂದು ಪತ್ತೆಯಾಗದು. ಇಲ್ಲೇ ಸಿಗುವ ಸೆವೆನ್ ಓ ಕ್ಲಾಕ್ ಬ್ಲೇಡಿನಿಂದ ಶುರು ಮಾಡಿ. ಜಪಾನಿನ ಫೆದರ್ ತುಂಬ ಹರಿತ, ಕೈ ಹಗುರಾದ ಮೇಲೆ ನೋಡಬಹುದು. ಒಂದು ಬ್ಲೇಡು ನಾಲ್ಕೈದು ಸಲ ಬಂದರೆ ಸಾಕು. ಅಂಚನ್ನು ಬಟ್ಟೆಯಿಂದ ಒರೆಸಬೇಡಿ, ಮೇಲಿನ ತೆಳು ಲೇಪ ಹಾಳಾಗುತ್ತದೆ.

ಮೂರು ತುಂಡಿನ ರೇಜರಾದರೆ ಕ್ಯಾಪನ್ನು ಅಂಗೈಯಲ್ಲಿ ಮಗುಚಿಟ್ಟು, ಬ್ಲೇಡು, ಅದರ ಮೇಲೆ ತಳದ ತಟ್ಟೆ ಕೂರಿಸಿ, ಹರಿತವಿಲ್ಲದ ಎರಡು ತುದಿಗಳನ್ನು ಹಿಡಿದು ಹಿಡಿಕೆ ತಿರುಗಿಸಿ. ಎರಡು ಬದಿಯಲ್ಲೂ ಅಂಚು ಒಂದೇ ಸಮ ಕಾಣಬೇಕು, ಇಲ್ಲದಿದ್ದರೆ ಬಿಚ್ಚಿ ಮತ್ತೆ ಕೂರಿಸಿ. ಸತುವಿನ ಮಿಶ್ರಲೋಹದ ತಲೆಯಾದರೆ ಬಲವಂತವಾಗಿ ಬಿಗಿಯಬೇಡಿ, ಸ್ಕ್ರೂವಿನ ಮರೆ ಮುರಿಯುತ್ತದೆ. ಕ್ಯಾಪನ್ನು ಕೆನ್ನೆಗೆ ತಾಗಿಸಿ, ಕೂದಲು ಕತ್ತರಿಸುವ ಸದ್ದು ಕೇಳುವವರೆಗೆ ಹಿಡಿಕೆಯನ್ನು ಇಳಿಸುತ್ತಾ ಬನ್ನಿ. ಸುಮಾರು 30 ಡಿಗ್ರಿಗೆ ಬ್ಲೇಡು ಹಿಡಿಯುತ್ತದೆ. ಎರಡು ಮೂರು ಸೆಂಟಿಮೀಟರಿನ ಸಣ್ಣ ಎಳೆತ, ರೇಜರಿನ ತೂಕವಷ್ಟೇ ಒತ್ತಡ. ಕತ್ತಿನಲ್ಲಿ ಕೂದಲು ಅಡ್ಡಡ್ಡ ಬೆಳೆದಿರುತ್ತದೆ, ಬೆರಳಿನಿಂದ ಸವರಿ ದಿಕ್ಕು ತಿಳಿದುಕೊಳ್ಳಿ. ಮೊದಲ ತಿಂಗಳು ಎದುರು ದಿಕ್ಕಿಗೆ ಹೋಗಲೇಬೇಡಿ.

ಒಂದು ವಿಷಯದಲ್ಲಿ ಇಲ್ಲಿನವರದೇ ಮೇಲುಗೈ. ಅಲ್ಲಿ ಎಷ್ಟೋ ಜನ ವಿಡಿಯೊ ನೋಡಿ ಕಲಿಯುತ್ತಾರೆ. ಇಲ್ಲಿ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಅರ್ಧ ಬ್ಲೇಡು ಸಿಕ್ಕಿಸಿದ ಕತ್ತಿಯ ಮುಂದೆ ಎಡಗೈ ಚರ್ಮವನ್ನು ಹೇಗೆ ಬಿಗಿಹಿಡಿಯುತ್ತದೆ ಎಂದು ಕನ್ನಡಿಯಲ್ಲೇ ನೋಡಬಹುದು. ಮುಖಕ್ಕೆ ಉಜ್ಜುವ ಪಟಿಕವೂ ಪಾಠವೇ: ಮನೆಯಲ್ಲಿ ನೀವೇ ಹೆರೆದುಕೊಂಡ ಮೇಲೆ ಅದು ಚುರುಗುಟ್ಟಿದ ಕಡೆ ನೀವು ಒತ್ತಿದ್ದೀರಿ.

ರೇಜರಿಗೆ ಬಿಳಿ ಪದರ ಕಟ್ಟಿದರೆ ನೀರು ಬೆರೆಸಿದ ವಿನೆಗರಿನಲ್ಲಿ ಐದು ನಿಮಿಷ ಇಟ್ಟು ತೊಳೆಯಿರಿ. ಹಿತ್ತಾಳೆ ಪಾತ್ರೆಗೆಂದು ಹುಣಸೆಹಣ್ಣು ಇರುತ್ತದಲ್ಲ, ಅದನ್ನು ಕ್ರೋಮ್ ಲೇಪದ ಮೇಲೆ ತಿಕ್ಕಬೇಡಿ. ಹಳೆಯ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಅದು ಪೌರಕಾರ್ಮಿಕರ ಕೈ ಸೀಳುತ್ತದೆ. ಖಾಲಿ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಒಳಗೆ ಬ್ಲೇಡು ಇದೆ ಎಂದು ಬಾಯಲ್ಲಿ ಹೇಳಿ ಕೈಗೆ ಕೊಡಿ.