ಸ್ಪಷ್ಟನೆ: ಜಾರುಬಂಡಿಯ ಕೆಳಗೆ ಹುಲ್ಲಿದ್ದರೆ ಸಾಲದು

ಆಟದ ಅಂಗಳದ ಸುರಕ್ಷತೆ ಕುರಿತ ಶಿಕ್ಷಕರ ತರಬೇತಿಗೆಂದು ನಾನು ಬರೆದಿದ್ದ ಟಿಪ್ಪಣಿಯೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಜಾರುಬಂಡಿ, ಏಣಿಗಳ ಕೆಳಗೆ ಹುಲ್ಲು ಬೆಳೆದಿದ್ದರೆ ಸಾಕೆಂದು ಅದರಲ್ಲಿ ಹೇಳಿರುವುದು ತಪ್ಪು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯು ಹುಲ್ಲನ್ನಾಗಲಿ ಬರಿ ಮಣ್ಣನ್ನಾಗಲಿ ರಕ್ಷಣೆ ನೀಡುವ ಹಾಸೆಂದು ಪರಿಗಣಿಸುವುದಿಲ್ಲ. ತುಳಿತಕ್ಕೂ ಬಿಸಿಲುಮಳೆಗೂ ಸಿಕ್ಕ ನೆಲವು ಬಿದ್ದ ಪೆಟ್ಟನ್ನು ಹೀರುವ ಗುಣವನ್ನು ಕಳೆದುಕೊಳ್ಳುವುದೇ ಅದಕ್ಕೆ ಕಾರಣ. ಕೈಪಿಡಿಯ ಪ್ರಕಾರ 9 ಅಂಗುಲ ಮರಳು 4 ಅಡಿ ಎತ್ತರದ ಬೀಳುವಿಕೆಗಷ್ಟೇ ಸಾಕಾದರೆ, ಅಷ್ಟೇ ದಪ್ಪದ ಮರದ ಚಕ್ಕೆ 10 ಅಡಿಯವರೆಗೆ ಸಾಕಾಗುತ್ತದೆ. ಹಾಸು ಸಲಕರಣೆಯ ಸುತ್ತಲೂ ಕನಿಷ್ಠ 6 ಅಡಿ ಹರಡಿರಬೇಕು. ಉಯ್ಯಾಲೆಯ ಹಿಂದೆಮುಂದೆ ಇನ್ನೂ ಹೆಚ್ಚು ಬೇಕು. ಹಳೆಯ ಟಿಪ್ಪಣಿಯನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಈ ತಿದ್ದುಪಡಿಯನ್ನೂ ಅವರಿಗೆ ತಲುಪಿಸಿ.