ಚೆರ್ರಿ ಐ: ಕತ್ತರಿಸಿ ತೆಗೆಯುವುದಕ್ಕೆ ಒಪ್ಪಬೇಡಿ

ನಾಯಿಮರಿಯ ಕಣ್ಣಿನಲ್ಲಿ, ಮೂಗಿನ ಕಡೆಯ ಮೂಲೆಯಲ್ಲಿ, ಕೆಂಪಗೆ ನುಣ್ಣಗೆ ಒಂದು ಉಂಡೆ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ಗೆಡ್ಡೆಯಲ್ಲ, 'ಮಾಂಸ ಬೆಳೆದದ್ದೂ' ಅಲ್ಲ. ಅದು ಕಣ್ಣೀರಿನ ಗ್ರಂಥಿ. ಇರಬೇಕಾದ ಜಾಗದಿಂದ ಜಾರಿ ಹೊರಗೆ ಬಂದಿದೆ. ಇದನ್ನೇ ಚೆರ್ರಿ ಐ ಎನ್ನುವುದು. ಅದನ್ನು ವಾಪಸ್ ಒಳಗೆ ಕೂರಿಸಬೇಕು. ಕತ್ತರಿಸಿ ಎಸೆಯಬಾರದು. ಈ ಬರಹದಲ್ಲಿ ನಾನು ಹೇಳಬೇಕಾದದ್ದು ಇದೇ, ಉಳಿದದ್ದೆಲ್ಲ ಯಾಕೆ ಮತ್ತು ಹೇಗೆ ಎನ್ನುವುದು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಿಗೂ ಈಗ ಶಿಟ್ಜು, ಲಾಸಾ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಬುಲ್‌ಡಾಗ್ ಮರಿಗಳು ಬರುತ್ತಿವೆ. ಚೆರ್ರಿ ಐ ಹೆಚ್ಚಾಗಿ ಕಾಣುವುದು ಇಂಥ ತಳಿಗಳಲ್ಲೇ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ನಾಯಿಗಳಲ್ಲೂ ಉಂಟು. ಬಹುಪಾಲು ಎರಡು ವರ್ಷದೊಳಗೆ ಬರುತ್ತದೆ. ಒಂದು ಕಣ್ಣಿಗೆ ಬಂದರೆ ಇನ್ನೊಂದಕ್ಕೂ ಕೆಲವು ತಿಂಗಳಲ್ಲಿ ಬರುವ ಸಾಧ್ಯತೆ ಇದೆ ಎಂದು ಮೊದಲೇ ತಿಳಿದಿರಲಿ.

ನಾಯಿಗೆ ಮೇಲಿನ, ಕೆಳಗಿನ ರೆಪ್ಪೆಗಳ ಜೊತೆಗೆ ಮೂರನೇ ರೆಪ್ಪೆ ಒಂದಿದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದ ಮೃದ್ವಸ್ಥಿ ಅದಕ್ಕೆ ಆಧಾರ. ಆ ಮೃದ್ವಸ್ಥಿಯ ಬುಡಕ್ಕೆ ಅಂಟಿಕೊಂಡಿರುವುದೇ ಈ ಗ್ರಂಥಿ. ಕಣ್ಣಿನ ನೀರಿನಂಶದ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಲ್ಲಿಂದಲೇ ಬರುತ್ತದೆ, ಉಳಿದದ್ದು ಮೇಲಿನ ಮುಖ್ಯ ಗ್ರಂಥಿಯಿಂದ. ಗ್ರಂಥಿಯನ್ನು ಕೆಳಗೆ ಹಿಡಿದಿಡುವ ನಾರಿನ ಅಂಗಾಂಶ ಕೆಲವು ತಳಿಗಳಲ್ಲಿ ಹುಟ್ಟಿನಿಂದಲೇ ಸಡಿಲ. ಹಾಗಾಗಿ ಅದು ಮಗುಚಿಕೊಂಡು ಮೇಲೆ ಬರುತ್ತದೆ, ಗಾಳಿಗೆ ಒಣಗುತ್ತದೆ, ಊದುತ್ತದೆ. ಊದಿದ್ದು ತಾನಾಗಿ ಒಳಗೆ ಹೋಗುವುದು ಕಷ್ಟ.

ಹಿಂದೆ ಎಲ್ಲ ಕಡೆ ಇದನ್ನು ಕತ್ತರಿಸಿಯೇ ತೆಗೆಯುತ್ತಿದ್ದರು. ಕೆಲವು ನಿಮಿಷದ ಕೆಲಸ, ಮರುದಿನವೇ ಕಣ್ಣು ಚೆನ್ನಾಗಿ ಕಾಣುತ್ತದೆ, ಮನೆಯವರಿಗೆ ಖುಷಿ. ತೊಂದರೆ ಶುರುವಾಗುವುದು ಆಮೇಲೆ, ಎಷ್ಟೋ ಸಲ ವರ್ಷಗಳು ಕಳೆದ ಮೇಲೆ. ಕಣ್ಣೀರು ಸಾಲದೆ ಕಣ್ಣು ಒಣಗುತ್ತದೆ, ಅಂಟು ಅಂಟಾದ ಹಳದಿ ಗೀಜು ಕಟ್ಟುತ್ತದೆ, ಕಾರ್ನಿಯಾ (ಕಣ್ಣುಗುಡ್ಡೆಯ ಮುಂಭಾಗದ ಪಾರದರ್ಶಕ ಪೊರೆ) ಮೇಲೆ ರಕ್ತನಾಳ ಹಬ್ಬಿ ಕಪ್ಪು ಬಣ್ಣ ಹತ್ತುತ್ತದೆ, ಕೊನೆಗೆ ದೃಷ್ಟಿಯೇ ಹೋಗಬಹುದು. ಅಷ್ಟು ಹೊತ್ತಿಗೆ ಹಳೆಯ ಆಪರೇಷನ್ನಿಗೂ ಇದಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಶಿಟ್ಜು, ಬುಲ್‌ಡಾಗ್, ಕಾಕರ್‌ಗಳಿಗಂತೂ ಕಣ್ಣು ಒಣಗುವ ಸ್ವಭಾವ ಮೊದಲೇ ಇರುತ್ತದೆ. ಅಂಥ ನಾಯಿಯ ಗ್ರಂಥಿ ತೆಗೆಯುವುದು ನನ್ನ ಮಟ್ಟಿಗೆ ಸಮರ್ಥಿಸಲಾಗದ ಕೆಲಸ.

ಒಂದು ಅಪವಾದ ಇದೆ. ಏಳೆಂಟು ವರ್ಷ ದಾಟಿದ ನಾಯಿಗೆ ಮೊದಲ ಬಾರಿ ಇಂಥ ಉಂಡೆ ಬಂದರೆ ಅದು ಕ್ಯಾನ್ಸರ್ ಗೆಡ್ಡೆ ಇರಬಹುದು. ಆಗ ಬಯಾಪ್ಸಿ ಮಾಡಲೇಬೇಕು, ಕ್ಯಾನ್ಸರ್ ಎಂದು ಖಚಿತವಾದರೆ ತೆಗೆಯಲೇಬೇಕು. ದೊಡ್ಡ ತಳಿಗಳಲ್ಲಿ ಗ್ರಂಥಿ ಸರಿಯಿದ್ದು, ಮೃದ್ವಸ್ಥಿ ಮಾತ್ರ ಹೊರಕ್ಕೆ ಸುರುಳಿಯಾಗುವುದೂ ಉಂಟು. ಅಲ್ಲಿ ಬಾಗಿದ ತುಂಡನ್ನಷ್ಟೇ ತೆಗೆದರೆ ಸಾಕು. ಎರಡೂ ಒಟ್ಟಿಗೆ ಇದ್ದಾಗ ಮೃದ್ವಸ್ಥಿಯನ್ನು ಸರಿಪಡಿಸದೆ ಗ್ರಂಥಿ ಮಾತ್ರ ಹೊಲಿದರೆ ಅದು ಮತ್ತೆ ಬರುತ್ತದೆ.

ಈಗ ಹೊಲಿಗೆಯ ವಿಚಾರ. ಹೆಚ್ಚಿನವರು ಮಾಡುವುದು ಪಾಕೆಟ್ ವಿಧಾನ, ಮಾರ್ಗನ್ ಎಂಬುವರು 1993ರಲ್ಲಿ ಪ್ರಕಟಿಸಿದ್ದು. ಪೂರ್ತಿ ಅರಿವಳಿಕೆ ಕೊಟ್ಟು, ಮೂರನೇ ರೆಪ್ಪೆಯನ್ನು ಹೊರಕ್ಕೆ ಮಗುಚಿ ಹಿಡಿಯುತ್ತಾರೆ. ಕಣ್ಣುಗುಡ್ಡೆಗೆ ತಾಗುವ ಒಳಮೈಯಲ್ಲಿ, ಗ್ರಂಥಿಯ ಆಚೆಗೊಂದು ಈಚೆಗೊಂದು, ಸುಮಾರು ಒಂದು ಸೆಂಟಿಮೀಟರಿನ ಬಾಗಿದ ಗೀರು ಹಾಕುತ್ತಾರೆ. ಗ್ರಂಥಿಯನ್ನು ಒಳಕ್ಕೆ ಒತ್ತಿ, ಎರಡು ಗೀರುಗಳ ಹೊರ ಅಂಚುಗಳನ್ನು ಅದರ ಮೇಲೆ ಎಳೆದು ಹೊಲಿಯುತ್ತಾರೆ. ಎಲೆ ಅಡಿಕೆ ಸಂಚಿಯ ಬಾಯಿ ಎಳೆದ ಹಾಗೆ ಗ್ರಂಥಿ ಒಳಗೆ ಉಳಿಯುತ್ತದೆ. ದಾರ 6-0 ಎಂಬ ತೀರ ಸಣ್ಣ ಗಾತ್ರದ ವಿಕ್ರಿಲ್, ತಾನಾಗಿ ಕರಗುವಂಥದ್ದು.

ಕೈಚಳಕ ಇರುವುದು ಎರಡು ಕಡೆ. ಒಂದು, ಗಂಟು. ಅದು ರೆಪ್ಪೆಯ ಹೊರಮೈಯಲ್ಲಿರಬೇಕು. ಒಳಮೈಯಲ್ಲಿ ಬಿಟ್ಟರೆ ಕಣ್ಣು ಮಿಟುಕಿಸಿದಾಗಲೆಲ್ಲ ಕಾರ್ನಿಯಾಕ್ಕೆ ಉಜ್ಜಿ ಹುಣ್ಣಾಗುತ್ತದೆ. ಅದಕ್ಕಾಗಿ ಸೂಜಿಯನ್ನು ಹೊರಮೈಯಿಂದ ಒಳಕ್ಕೆ ತೂರಿಸಿ, ಉದ್ದಕ್ಕೂ ಹೊಲಿದು, ಮತ್ತೆ ಹೊರಮೈಗೆ ತಂದು ಗಂಟು ಹಾಕಬೇಕು. ಇನ್ನೊಂದು, ಎರಡೂ ತುದಿಗಳಲ್ಲಿ ಒಂದೆರಡು ಮಿಲಿಮೀಟರ್ ತೆರೆದು ಬಿಡಬೇಕು. ಪೂರ್ತಿ ಮುಚ್ಚಿದರೆ ಗ್ರಂಥಿ ಸ್ರವಿಸಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಒಳಗೇ ಚೀಲ ಕಟ್ಟುತ್ತದೆ. ಆಪರೇಷನ್ ಆಗಿ ಕೆಲವು ವಾರಗಳ ಮೇಲೆ ಅದೇ ಜಾಗ ಮೆತ್ತಗೆ ಊದಿಕೊಂಡರೆ 'ವಾಪಸ್ ಬಂತು' ಎಂದು ತಕ್ಷಣ ತೀರ್ಮಾನಿಸಬೇಡಿ, ಇದೂ ಇರಬಹುದು.

ಎರಡನೆಯದು ಕಟ್ಟಿ ನಿಲ್ಲಿಸುವ ವಿಧಾನ. ಕಾಸ್ವಾನ್ ಮತ್ತು ಮಾರ್ಟಿನ್ 1985ರಲ್ಲಿ ವಿವರಿಸಿದ್ದು. ಕಣ್ಣಿನ ಕುಳಿಯ ಕೆಳ ಅಂಚಿನ ಮೂಳೆಯ ಮೇಲಿನ ಪೊರೆಗೆ ಅದಕ್ಕಿಂತ ದಪ್ಪನೆಯ 3-0 ಅಥವಾ 4-0 ನೈಲಾನ್ ದಾರ ಸಿಕ್ಕಿಸಿ, ಅದನ್ನು ಗ್ರಂಥಿಯ ಸುತ್ತ ಹಾಯಿಸಿ, ಕೆಳಕ್ಕೆ ಎಳೆದು ಕಟ್ಟುತ್ತಾರೆ. ಹಿಡಿತ ಗಟ್ಟಿ. ಆದರೆ ಮೂರನೇ ರೆಪ್ಪೆಯ ಓಡಾಟ ಸ್ವಲ್ಪ ಕಡಿಮೆಯಾಗುತ್ತದೆ, ದಾರ ತುಂಡಾದರೆ ಗ್ರಂಥಿ ಮತ್ತೆ ಮೇಲೆ ಬರುತ್ತದೆ, ಸೂಜಿ ತಪ್ಪಿದರೆ ಕಣ್ಣುಗುಡ್ಡೆಗೇ ಅಪಾಯ. ಪಾಕೆಟ್ ವಿಧಾನ ಹೆಚ್ಚಾಗಿ ಸೋಲುವುದು ಬುಲ್‌ಡಾಗ್ ಮತ್ತು ದೈತ್ಯ ತಳಿಗಳಲ್ಲಿ. ಅಂಥಲ್ಲಿ ಎರಡನ್ನೂ ಒಟ್ಟಿಗೆ ಮಾಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಉಳಿದ ಸಣ್ಣ ತಳಿಗಳಿಗೆ ಮೊದಲ ಸಲಕ್ಕೆ ಪಾಕೆಟ್ ಸಾಕು. ಒಮ್ಮೆ ಸೋತರೂ ಮತ್ತೊಮ್ಮೆ ಹೊಲಿಯಬಹುದು. 'ಹೇಗೂ ವಾಪಸ್ ಬಂತಲ್ಲ, ಕತ್ತರಿಸಿಬಿಡಿ' ಎನ್ನುವ ಮಾತು ಬರುವುದು ಇಲ್ಲೇ, ದಯವಿಟ್ಟು ಇಲ್ಲಿ ಗಟ್ಟಿಯಾಗಿ ನಿಲ್ಲಿ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ಡಾಕ್ಟ್ರನ್ನು ಕೇಳಲು ಸಂಕೋಚ ಬೇಡ: ತೆಗೆಯುತ್ತೀರಾ, ಕೂರಿಸುತ್ತೀರಾ? ಯಾವ ವಿಧಾನ? ಗಂಟು ಎಲ್ಲಿ ಬರುತ್ತದೆ? ಶಿರ್ಮರ್ ಪಟ್ಟಿ ಇಟ್ಟು ಕಣ್ಣೀರು ಅಳೆದಿದ್ದೀರಾ? ಪಟ್ಟಿ ಒಂದು ನಿಮಿಷದಲ್ಲಿ 15 ಮಿಲಿಮೀಟರ್ ಅಥವಾ ಹೆಚ್ಚು ನೆಂದರೆ ಸರಿ, 10ಕ್ಕಿಂತ ಕಡಿಮೆ ಎಂದರೆ ಕಣ್ಣು ಒಣಗಿದೆ. ಫ್ಲೋರೆಸಿನ್ ಬಣ್ಣ ಹಾಕಿ ಕಾರ್ನಿಯಾದಲ್ಲಿ ಹುಣ್ಣು ಇದೆಯೇ ಎಂದೂ ನೋಡಿರಬೇಕು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಇದಕ್ಕೆ ಬೇಕಾದ ಸಣ್ಣ ಉಪಕರಣ, ಅರಿವಳಿಕೆ ಸೌಕರ್ಯ ಇಲ್ಲದಿದ್ದರೆ ಅದು ಅಲ್ಲಿನ ಡಾಕ್ಟರ ತಪ್ಪಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲೋ ಬೆಂಗಳೂರಿನ ಹೆಬ್ಬಾಳದ ಕಾಲೇಜಿನಲ್ಲೋ ಶಸ್ತ್ರಚಿಕಿತ್ಸಾ ವಿಭಾಗದವರನ್ನು ವಿಚಾರಿಸಿ.

ಹೊಸನಗರದಿಂದಲೋ ಕೊಪ್ಪದಿಂದಲೋ ಹೊರಟು ಬರುವಷ್ಟರಲ್ಲಿ ಒಂದೆರಡು ದಿನ ಹೋದರೆ ಅನಾಹುತವೇನೂ ಇಲ್ಲ. ಅಲ್ಲಿಯವರೆಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕಣ್ಣಿನ ಡ್ರಾಪ್ಸ್ ದಿನಕ್ಕೆ ನಾಲ್ಕಾರು ಸಲ ಹಾಕಿ ಗ್ರಂಥಿ ಒಣಗದಂತೆ ನೋಡಿಕೊಳ್ಳಿ, ಕಣ್ಣು ಉಜ್ಜಿಕೊಳ್ಳದಂತೆ ಕುತ್ತಿಗೆಗೆ ಕೋನ್ (ತಲೆಯ ಸುತ್ತ ನಿಲ್ಲುವ ಅಗಲ ಬಾಯಿಯ ಕಾಲರ್) ಹಾಕಿ. ನಂದಿಬಟ್ಟಲು ರಸ, ಎದೆಹಾಲು, ಸ್ಫಟಿಕದ ನೀರು ಯಾವುದೂ ಬೇಡ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಡೆಕ್ಸಾಮೆಥಾಸೋನ್ ಡ್ರಾಪ್ಸ್ ಅಂತೂ ಬೇಡವೇ ಬೇಡ. ಕಾರ್ನಿಯಾದಲ್ಲಿ ಹುಣ್ಣಿದ್ದರೆ ಸ್ಟಿರಾಯ್ಡ್ ಅದನ್ನು ಕರಗಿಸಿ ತೂತು ಮಾಡಬಲ್ಲದು. ತಿಂಗಳುಗಟ್ಟಲೆ ಮುಂದೂಡುವುದು ಬೇರೆ ಮಾತು. ಆಗ ಗ್ರಂಥಿ ದಪ್ಪಗಾಗಿ, ಮೃದ್ವಸ್ಥಿ ಬಾಗಿ, ಹೊಲಿಗೆ ನಿಲ್ಲುವುದೇ ಕಷ್ಟ.

ಮಲೆನಾಡಿನವರು ಮರೆಯಬಾರದ ಒಂದು ಪರೀಕ್ಷೆ ರಕ್ತದ್ದು. ತೋಟ, ಕಾಡಂಚಿನಲ್ಲಿ ಓಡಾಡುವ ನಾಯಿಗೆ ಉಣುಗು ತಪ್ಪಿದ್ದಲ್ಲ. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಇಳಿಯುತ್ತದೆ. ನಾಯಿ ಮೇಲ್ನೋಟಕ್ಕೆ ಆರಾಮಾಗಿಯೇ ಇರಬಹುದು, ಗೀರು ಹಾಕಿದ ಮೇಲೆ ರಕ್ತ ನಿಲ್ಲದಾಗ ಗೊತ್ತಾಗುತ್ತದೆ. ಆಪರೇಷನ್ನಿಗೆ ಮೊದಲು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ, ಕಡಿಮೆ ಇದ್ದರೆ ಜ್ವರಕ್ಕೆ ಚಿಕಿತ್ಸೆ ಮೊದಲು, ಕಣ್ಣು ಆಮೇಲೆ. ಚಪ್ಪಟೆ ಮೂಗಿನ ತಳಿಗಳಿಗೆ ಅರಿವಳಿಕೆಗೆ ಮುಂಚೆ ಆಮ್ಲಜನಕ ಕೊಡಬೇಕು, ಪೂರ್ತಿ ಎಚ್ಚರವಾಗುವವರೆಗೆ ಶ್ವಾಸನಾಳದ ಕೊಳವೆ ತೆಗೆಯಬಾರದು.

ಮನೆಗೆ ಬಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಕೋನ್ ತೆಗೆಯಬೇಡಿ, ಊಟಕ್ಕೂ ಬೇಡ, ತಟ್ಟೆ ಎತ್ತರದಲ್ಲಿಡಿ. ಹೊಲಿಗೆ ಹಾಳಾಗುವುದು ಬಹಳ ಸಲ ಅರ್ಧ ನಿಮಿಷದ ಉಜ್ಜಾಟದಲ್ಲಿ. ಡಾಕ್ಟರ್ ಬರೆದ ಆಂಟಿಬಯೋಟಿಕ್ ಡ್ರಾಪ್ಸ್, ನೋವಿಗೆ ಅವರು ಕೊಟ್ಟ ಮೆಲಾಕ್ಸಿಕಾಮ್ ಸಾಕು. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನೀವೇ ಕೊಡಬೇಡಿ. ಮಳೆಗಾಲದಲ್ಲಿ ಬಟ್ಟೆಯ ಕೋನ್ ನೆನೆದು ಕಣ್ಣಿಗೆ ಅಂಟುತ್ತದೆ, ಪ್ಲಾಸ್ಟಿಕ್‌ದೇ ಒಳ್ಳೆಯದು. ಅಡಿಕೆ ಸುಗ್ಗಿಯಲ್ಲಾದರೆ ಬೇಯಿಸುವ ಒಲೆಯ ಹೊಗೆ, ಸಿಪ್ಪೆಯ ಧೂಳಿನಿಂದ ದೂರ ಇಡಿ. ಬಚ್ಚಲ ಒಲೆಯ ಬುಡದಲ್ಲಿ ಮಲಗುವ ಅಭ್ಯಾಸವನ್ನೂ ಆ ಎರಡು ವಾರ ಬಿಡಿಸಿ, ಜಗಲಿಯಲ್ಲಿ ಕಟ್ಟಿ. ಮೊದಲ ವಾರ ಸ್ವಲ್ಪ ಊತ, ಕೆಂಪು ಇರುತ್ತದೆ, ಗಾಬರಿ ಬೇಡ. ಕಣ್ಣು ಬಿಡದೆ ಮುಚ್ಚಿಕೊಂಡೇ ಇದ್ದರೆ, ಕಾರ್ನಿಯಾ ನೀಲಿ ಮಸುಕಾದರೆ ಅದೇ ದಿನ ತೋರಿಸಿ. ದಾರ ಉಜ್ಜುತ್ತಿರುವ ಲಕ್ಷಣ ಅದಿರಬಹುದು.

ಇಂಥ ನಾಯಿಯಿಂದ ಮರಿ ಮಾಡಿಸಬೇಡಿ. ಕಣ್ಣು ಸರಿಹೋದರೂ ಸಡಿಲ ಅಂಗಾಂಶದ ಗುಣ ಮರಿಗಳಿಗೂ ದಾಟಬಹುದು.

ಗ್ರಂಥಿ ಈಗಾಗಲೇ ತೆಗೆಸಿ ಆಗಿದ್ದರೆ ಕೈಚೆಲ್ಲಬೇಕಾಗಿಲ್ಲ, ಮಾರಾಯ್ರೇ. ಆರು ತಿಂಗಳಿಗೊಮ್ಮೆ ಶಿರ್ಮರ್ ಪರೀಕ್ಷೆ ಮಾಡಿಸಿ. ಅಳತೆ ಇಳಿಯುತ್ತಿದ್ದರೆ ಶೇ. 0.2ರ ಸೈಕ್ಲೋಸ್ಪೋರಿನ್ ಅಥವಾ ಶೇ. 0.03ರ ಟ್ಯಾಕ್ರೋಲಿಮಸ್ ಮುಲಾಮು ಇದೆ. ಸೈಕ್ಲೋಸ್ಪೋರಿನ್ನನ್ನು ನಾಯಿಯ ಒಣಗಣ್ಣಿಗೆ ತಂದವರೂ ಮೇಲೆ ಹೇಳಿದ ಕಾಸ್ವಾನ್ ಅವರೇ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಜೀವಮಾನವಿಡೀ ಹಾಕಬೇಕು. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ. ಒಂದು ಟ್ಯೂಬ್ ಮುಗಿಯಿತೆಂದು, ಕಣ್ಣು ಚೆನ್ನಾಗಿದೆಯೆಂದು ನಡುವೆ ನಿಲ್ಲಿಸಿದರೆ ಕಣ್ಣು ಮತ್ತೆ ಒಣಗುತ್ತದೆ. ಹಾಗಾಗಿ ಮುಂದಿನ ಟ್ಯೂಬ್ ಖಾಲಿಯಾಗುವ ಮೊದಲೇ ತರಿಸಿಟ್ಟುಕೊಳ್ಳಿ.